ಸಿಂಬೆ ತೆಗೆದ ಕೈ

ನನ್ನ ಬಾಯಿ ಜೋರೆಂದು ನಮ್ಮೂರು ಸೀಸಾಕೇಟಿನಲ್ಲಿ ಎಲ್ಲರಿಗೂ ಗೊತ್ತು. ಅಂಥವಳು ಆ ಸಂಜೆ ಅಖಾಡದ ಮೂಲೆಯಲ್ಲಿ ಗಂಡನ ಕುರ್ಚಿಯ ಹಿಂದೆ ಅಡಗಿ ನಿಂತಿದ್ದೆ.

ನನ್ನ ಗಂಡ ತೊಂಗ್‌ಬೈ ನಲವತ್ತು ವರ್ಷ ಮುಯಿ ಥಾಯ್ ಕಾಳಗ ಕಲಿಸಿದ ಗುರು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಅವರ ಬಲಭಾಗ ಬಿದ್ದುಹೋಯಿತು. ಶಿಷ್ಯರು ಒಬ್ಬೊಬ್ಬರಾಗಿ ಬೇರೆ ಗರಡಿಗಳ ದಾರಿ ಹಿಡಿದರು. ನನ್ನನ್ನು ಅಮ್ಮ ಎಂದು ಕರೆಯುವ ಸಖೋನ್ ಒಬ್ಬ ಉಳಿದ. ಅವನ ಒದೆತಕ್ಕೆ ಪ್ಯಾಡ್ ಹಿಡಿದವಳು ನಾನು. ಮೊಣಕಾಲು ಎಲ್ಲಿಗೆ ಏರಬೇಕು, ಮೊಣಕೈ ಯಾವಾಗ ಬೀಸಬೇಕು ಎಂದು ಬೈದು ಬೈದು ತಿದ್ದಿದವಳೂ ನಾನೇ. ನನ್ನಪ್ಪನೂ ಗರಡಿ ನಡೆಸಿದವನು, ನೋಡಿ ನೋಡಿಯೇ ಕಲಿತಿದ್ದೆ. ಊರಿಗೆ ಮಾತ್ರ ಈ ಲಮ್‌ಡುವಾನ್ ಗುರುಗಳ ಹೆಂಡತಿ, ಅನ್ನ ಬೇಯಿಸುವವಳು. ಒಂದು ಸಲ, ಒಬ್ಬರಾದರೂ ನನ್ನನ್ನು ಗುರು ಎನ್ನಲಿ ಎಂಬ ಆಸೆ ಎಷ್ಟಿತ್ತೆಂದರೆ, ಹೇಳಿಕೊಳ್ಳಲು ನಾಚಿಕೆ.

ಅಂದು ವರ್ಷದ ಗುರುವಂದನೆಯ ಪಂದ್ಯಗಳು. ಸಖೋನನ ತಲೆಗೆ ಮಂತ್ರಿಸಿದ ದಾರದ ಸಿಂಬೆಯನ್ನು ಗಂಡ ಎಡಗೈಯಲ್ಲೇ ಏರಿಸಿ ಕಳಿಸಿದ್ದರು. ಹೆಂಗಸರು ಅದನ್ನು ಮುಟ್ಟುವಂತಿಲ್ಲ. ಡೋಲು, ಓಲಗ ಶುರುವಾದವು. ಪಂದ್ಯಕ್ಕೆ ಮುಂಚೆ ಹುಡುಗರು ತಮ್ಮ ಗುರು ಕಲಿಸಿದ ಹೆಜ್ಜೆ ಕುಣಿದು ವಂದಿಸುವುದು ರೂಢಿ. ಸಖೋನ್ ನಾಲ್ಕು ದಿಕ್ಕಿಗೂ ನಮಸ್ಕರಿಸಿ, ಮಂಡಿಯೂರಿ, ತೋಳು ಬಿಚ್ಚಿ ಕುಣಿಯತೊಡಗಿದ. ಹಿಂದೆ ಕೂತಿದ್ದ ಮುದುಕನೊಬ್ಬ, "ಅಯ್ಯೋ, ಇದು ತೊಂಗ್‌ಬೈ ಹೆಜ್ಜೆ ಅಲ್ವಲ್ಲೋ!" ಎಂದ.

ಹೌದು, ಅದು ನನ್ನಪ್ಪನ ಹೆಜ್ಜೆ. ಗಂಡನ ಗರಡಿಯ ಹುಡುಗನಿಗೆ ಬೇರೆ ಗರಡಿಯ ಕುಣಿತ! ಕಲಿಸುವ ಭರದಲ್ಲಿ ನನಗೆ ಅರಿವೇ ಆಗಿರಲಿಲ್ಲ.

ಕುಣಿತ ಮುಗಿಸಿ ಸಖೋನ್ ನಮ್ಮ ಮೂಲೆಗೆ ಬಂದು, ಹಗ್ಗದ ಮೇಲಿಂದ ತಲೆ ಬಗ್ಗಿಸಿದ. ಗುರು ಸಿಂಬೆ ತೆಗೆದ ಮೇಲೆಯೇ ಗಂಟೆ ಬಾರಿಸುವುದು. ಗಂಡ ಕೈ ಎತ್ತಲಿಲ್ಲ.

"ರೀ, ತೆಗೀರಿ. ಎಲ್ಲ ಕಾಯ್ತಿದ್ದಾರೆ," ಎಂದೆ.

"ಕಲಿಸಿದವರು ತೆಗೀಲಿ."

"ತಲೆ ಕೆಟ್ಟಿದ್ಯಾ ನಿಮಗೆ?"

"ಕುಣಿತ ನೋಡಿದ್ನಲ್ಲ. ಅಡಿಯಿಂದ ಮುಡಿವರೆಗೂ ನಿನ್ನ ಹುಡುಗ ಕಣೇ ಅವನು. ಈ ಮೂರು ವರ್ಷ ಕುರ್ಚೀಲಿ ಕೂತು ಗೊಣಗಿದ್ದು ಬಿಟ್ರೆ ನಾನೇನು ಮಾಡಿದೀನಿ?"

ಎದುರು ಮೂಲೆಯಿಂದ ಚಮ್ರತ್ ಕೂಗಿದ. ಎದುರಾಳಿಯ ಗುರು ಅವನು, ಹಳೆಯ ಜಗಳಗಂಟ. "ಏನ್ರೀ ಇದು! ಹೆಂಗಸಿನ ಕೈಲಿ ಸಿಂಬೆ ಮುಟ್ಟಿಸ್ತೀರಾ? ನಾಳೆ ಸೌಟು ಹಿಡ್ಕೊಂಡು ಅಖಾಡಕ್ಕೆ ಬರ್ತಾರೆ!" ಜನ ಗೊಳ್ಳೆಂದು ನಕ್ಕರು.

ರೆಫರಿ ಹತ್ತಿರ ಬಂದು ಸಖೋನನನ್ನೇ ಕೇಳಿದ: "ನಿನಗೆ ಕಲಿಸಿದ್ದು ಯಾರಪ್ಪ?"

"ಅಮ್ಮ," ಎಂದ ಸಖೋನ್. ಕೂಡಲೇ ತಿದ್ದಿಕೊಂಡ. "ಅಲ್ಲ, ನನ್ನ ಗುರು ಲಮ್‌ಡುವಾನ್."

"ಗುರು ತೆಗೀಬೇಕು ಅನ್ನೋದೇ ಪದ್ಧತಿ. ತೆಗೀರಮ್ಮ," ಎಂದ ರೆಫರಿ.

ಅಪ್ಪ ಹೇಳುತ್ತಿದ್ದ ಮಂತ್ರವನ್ನು ಸಖೋನನ ನೆತ್ತಿಗೆ ಊದಿ ಸಿಂಬೆ ತೆಗೆದೆ. ಗಂಟೆ ಬಾರಿಸಿದರು.

ಮೊದಲೆರಡು ಸುತ್ತು ಸಖೋನ್ ಚೆನ್ನಾಗಿ ಒದೆ ತಿಂದ. ಚಮ್ರತನ ಹುಡುಗ ಕೋಣದ ಹಾಗಿದ್ದ. ಈಗ ಇವನು ಸೋತರೆ ಹೆಂಗಸು ಮುಟ್ಟಿದ್ದಕ್ಕೇ ಸೋತನೆಂದು ಊರು ಆಡಿಕೊಳ್ಳುತ್ತದೆ. ಆಮೇಲೆ ಯಾವ ಹೆಣ್ಣಿಗೂ ಯಾರೂ ಸಿಂಬೆ ಕೊಡುವುದಿಲ್ಲ. ಬಿಡುವಿನಲ್ಲಿ ಅವನ ಕಿವಿ ಹಿಂಡಿದೆ.

"ಲೋ, ಅವನು ಒದೆಯೋಕೆ ಮುಂಚೆ ಎಡಭುಜ ಇಳಿಸ್ತಾನೆ, ಕಣ್ಣು ಕಾಣಲ್ವಾ? ಭುಜ ಇಳೀತಿದ್ದ ಹಾಗೇ ಒಳಗೆ ನುಗ್ಗು. ಕತ್ತು ಹಿಡಿ, ಮೊಣಕಾಲು ಕೊಡು!"

"ಆಯ್ತು ಗುರುಗಳೇ."

ಮೂರನೇ ಸುತ್ತಿನಲ್ಲಿ ಓಲಗ ಬಿರುಸಾಯಿತು. ಭುಜ ಇಳಿಯಿತು. ಸಖೋನ್ ನುಗ್ಗಿ ಕತ್ತು ಹಿಡಿದ. ಒಂದು ಮೊಣಕಾಲು, ಇನ್ನೊಂದು. "ಓಯ್! ಓಯ್!" ಎಂದು ಪ್ರತಿ ಏಟಿಗೂ ಜನರೆಲ್ಲ ಕೂಗತೊಡಗಿದರು. ಐದನೆಯದಕ್ಕೆ ಕೋಣ ಕುಸಿದು ಕೂತಿತು, ಏಳಲಿಲ್ಲ. ನಾನು ಗಂಟಲು ಹರಿಯುವಂತೆ ಕಿರುಚಿದೆ.

"ಗೆದ್ದವನು ಸಖೋನ್! ಗುರು ಲಮ್‌ಡುವಾನ್ ಅವರ ಶಿಷ್ಯ!" ಎಂದು ಮೈಕು ಕೂಗಿತು.

ತಿರುಗಿ ಗಂಡನನ್ನು ನೋಡಿದೆ. ನನಗಿಂತ ಒಂಬತ್ತು ವರ್ಷ ದೊಡ್ಡವರು, ಎಂದೂ ನನಗೆ ಮೊದಲು ಕೈ ಮುಗಿದವರಲ್ಲ. ಅವರ ಎಡಗೈ ಒಂದೇ, ಕೈ ಮುಗಿಯುವ ಹಾಗೆ ಹಣೆಗೆ ಏರಿ ನಿಂತಿತ್ತು.

"ಅಯ್ಯಯ್ಯೋ, ಇಳಿಸ್ರೀ! ನೀವು ನನಗೆ ಮುಗಿಯೋದಾ?"

"ಇವತ್ತು ಗುರುವಂದನೆ ಕಣೇ," ಎಂದರು. "ಸುಮ್ನೆ ತಗೋ."