ಕೆರೆಯ ಗೆರೆ ದಾಟಿದ ಮನೆ

ನನ್ನ ಬಾಯಿ ಜೋರು, ಒಪ್ಪಿಕೊಳ್ಳುತ್ತೇನೆ. ಆದರೆ ಗಂಡನ ಬಿಳಿ ಪಂಚೆ ಕೆರೆಯಲ್ಲಿ ಅದ್ದಿ ಎತ್ತಿದಾಗ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಯಾವ ಹೆಂಗಸು ಸುಮ್ಮನಿರುತ್ತಾಳೆ, ನೀವೇ ಹೇಳಿ. ಚೀನಾದವರು ನಮ್ಮ ಗುಡ್ಡಗಳನ್ನು ತೂಕದ ಮೇಲೆ ಕೊಳ್ಳುತ್ತಿದ್ದ ಕಾಲ ಅದು. ಕಬ್ಬಿಣದ ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದವು. ಮರಿಯಮ್ಮನಹಳ್ಳಿ ದಾಟಿ ಹೊಸಪೇಟೆ ರಸ್ತೆಯಲ್ಲಿ ನಮ್ಮ ಕೆರೆ ಕಂಡರೆ ಸಾಕು, ಡ್ರೈವರುಗಳು ಲಾರಿಯನ್ನು ನೀರಿಗೇ ಇಳಿಸಿ ಎಮ್ಮೆ ಮೈ ತೊಳೆದ ಹಾಗೆ ತೊಳೆಯುತ್ತಿದ್ದರು. ಕೊಕ್ಕರೆಗಳೆಲ್ಲ ಆಚೆ ದಂಡೆಗೆ ಹಾರಿ ಹೋಗಿದ್ದವು.

ಕೆರೆಗೂ ರಸ್ತೆಗೂ ನಡುವೆ ನಮ್ಮ ಮಾವ ಬಿಟ್ಟುಹೋದ ಒಂದಿಷ್ಟು ಜಾಗ, ಅದರಲ್ಲಿ ನೀರಿನ ಕಡೆಗೆ ನಮ್ಮ ಒಂದೇ ಕೋಣೆಯ ತಗಡಿನ ಮನೆ. ನಾನು, ನನ್ನ ಗಂಡ ಗುಡ್ಡಪ್ಪ, ಅತ್ತೆ ತಾಯಕ್ಕ, ಮೂವರೂ ಅದರಲ್ಲೇ. ಬಾಗಿಲ ಮುಂದೆ ಒಲೆ ಹೂಡಿ ಮಂಡಕ್ಕಿ ವಗ್ಗರಣೆ, ಮಿರ್ಚಿ ಮಾಡಿ ಅದೇ ಡ್ರೈವರುಗಳಿಗೆ ಮಾರುತ್ತಿದ್ದೆ. ತಿನ್ನಿಸುವವಳೂ ನಾನೇ, ಬೈಯುವವಳೂ ನಾನೇ.

ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನು ಹುಸೇನಪ್ಪ. ಅವನ ಲಾರಿ ಮದುಮಗನ ಕುದುರೆ ಇದ್ದಂಗೆ. ಹಣೆಗೆ ಕುಚ್ಚು, ಕನ್ನಡಿಗೆ ರಿಬ್ಬನ್, ದಿನಕ್ಕೊಂದು ಸ್ನಾನ.

"ಲೇ ಹುಸೇನಪ್ಪಾ, ನಿನ್ನ ಹೇಂತಿನ್ನಾರ ಇಷ್ಟು ಚಂದ ನೋಡ್ಕೊಂತೀಯೇನೋ?" ಎಂದರೆ, "ಆಕಿ ಡೀಸೆಲ್ ಕೇಳಂಗಿಲ್ಲ ಬಿಡಕ್ಕಾ" ಎಂದು ಹಲ್ಲು ಕಿರಿಯುತ್ತಿದ್ದ.

ಪಂಚೆ ಕೆಂಪಾದ ದಿನವೇ ಹೊಸಪೇಟೆಯ ತಾಲ್ಲೂಕು ಕಚೇರಿಗೆ ಹೋಗಿ, ಕೆರೆ ಉಳಿಸಿ ಎಂದು ಅರ್ಜಿ ಕೊಟ್ಟು ಬಂದೆ. ಕೊಟ್ಟು ಸುಮ್ಮನೆ ಕೂರುವ ಜಾತಿಯಲ್ಲ ನಾನು. ಬಸ್ಸು ಸಿಕ್ಕಾಗೆಲ್ಲ ಹೋಗಿ ಅಲ್ಲಿಯವರ ತಲೆ ತಿಂದೆ. ಕೊನೆಗೊಂದು ದಿನ ಮನೋಹರ್ ಎಂಬ ಸರ್ವೇಯರ್ ಟೇಪು ಹಿಡಿದು ಬಂದರು. ಸಣ್ಣ ವಯಸ್ಸು, ಮೆತ್ತಗಿನ ಮಾತು. ಕೆರೆಯನ್ನು ಸರ್ಕಾರ ಕಾಪಾಡುತ್ತದೆ, ಇನ್ನು ಲಾರಿ ಇಳಿಸುವಂತಿಲ್ಲ ಎಂದು ಬೋರ್ಡು ನೆಡಿಸಿದರು. ನನಗೋ, ಕುಣಿಯುವಷ್ಟು ಖುಷಿ. ಅವರಿಗೆ ಬಿಸಿ ಮಿರ್ಚಿ ಕೊಟ್ಟೆ. ಅವರು ಮಿರ್ಚಿ ತಿಂದು, ಕೈ ಒರೆಸಿಕೊಂಡು, ಕೆರೆ ತುಂಬಿದಾಗ ನೀರು ಮುಟ್ಟುವ ಕಲ್ಲಿನಿಂದ ಟೇಪು ಎಳೆಯತೊಡಗಿದರು. ಮೂವತ್ತು ಮೀಟರಿನ ಒಳಗೆ ಯಾವ ಕಟ್ಟಡವೂ ಇರಬಾರದಂತೆ. ಟೇಪು ಬಂತು, ಬಂತು, ನಮ್ಮ ಮನೆಯ ಹಿಂದಿನ ತಗಡಿಗೆ ಬಂದು ಮುಟ್ಟಿತು. ಮೂವತ್ತು ಇನ್ನೂ ಆಗಿರಲಿಲ್ಲ.

ಬಾಗಿಲಿಂದ ಒಳಗೆ ಬಂದು, ಮೂವತ್ತು ಮುಗಿಯುವಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಗೆರೆ ಕೋಣೆಯನ್ನು ಸರಿಯಾಗಿ ಎರಡು ಪಾಲು ಮಾಡಿತು. ನನ್ನ ಪಾತ್ರೆ ಪಡಗ, ನಮ್ಮ ಹಾಸಿಗೆ ಕೆರೆಯ ಪಾಲಿಗೆ. ಅತ್ತೆಯ ಮಂಚ ಆಚೆಗೆ.

"ನಾ ಮಕ್ಕೊಳ್ಳೋದು ಕಾಯ್ದೆ ಪ್ರಕಾರ ಐತಿ. ನೀವಿಬ್ರೂ ಮಕ್ಕೊಳ್ಳೋದ ಕಾಯ್ದೆ ವಿರುದ್ಧ" ಎಂದು ತಾಯಕ್ಕ ತೀರ್ಪು ಕೊಟ್ಟಳು.

ನನಗೆ ನಗು ಬರಲಿಲ್ಲ. "ಸಾಹೇಬ್ರ, ಕೆರಿ ಉಳಸ್ರಿ ಅಂತ ಕರದಾಕಿ ನಾನ. ನನ್ನ ಮನಿಗೇ ಟೇಪ್ ಹಿಡೀತೀರೇನ್ರಿ?"

"ಟೇಪಿಗೆ ಕಣ್ಣಿಲ್ಲ ಭೀಮಮ್ಮಾರ" ಎಂದರು ಮನೋಹರ್. ಅವರ ಮುಖವೂ ಸಣ್ಣಗಾಗಿತ್ತು. "ಸೋಮವಾರದೊಳಗ ಸರಸ್ರಿ. ಇಲ್ಲಾಂದ್ರ ಜೆಸಿಬಿ ಬರ್ತದ. ಇಲ್ಲಾ, ನಿಮ್ಮ ಅರ್ಜಿ ನೀವ ವಾಪಸ್ ತಗೊಂಡ್ರ ಫೈಲ್ ಮುಚ್ಚತದ. ಮನಿ ಉಳೀತದ. ಆದ್ರ ಬೋರ್ಡೂ ಹೋಗತದ."

ಸುದ್ದಿ ರಸ್ತೆಗೆ ಮುಟ್ಟಲು ಎಷ್ಟು ಹೊತ್ತು? ಸಂಜೆಗೇ ಹುಸೇನಪ್ಪ ಬಂದ. "ವಾಪಸ್ ತಗೊಳ್ರಿ ಅಕ್ಕಾ. ನಿಮ್ಮ ಮನಿನೂ ಉಳೀತದ, ನನ್ನ ಗಾಡಿ ಸ್ನಾನಾನೂ ಉಳೀತದ."

"ಆತು ನಡಿ, ದೊಡ್ಡ ಲಾಯರ್ ಬಂದ" ಎಂದು ಅಟ್ಟಿದೆ. ಆದರೆ ಇರುವುದೊಂದು ಮನೆ. ಅದನ್ನು ಜೆಸಿಬಿ ತುಳಿದರೆ ಈ ವಯಸ್ಸಿನ ಅತ್ತೆಯನ್ನು ಎಲ್ಲಿ ಮಲಗಿಸಲಿ? ಗುಡ್ಡಪ್ಪನನ್ನು ಕೇಳಿದರೆ, "ನೀ ಹೆಂಗಂತಿ ಹಂಗ" ಎಂದ. ಮದುವೆಯಾದಾಗಿನಿಂದ ಅವನದು ಅದೊಂದೇ ಮಾತು. ಅರ್ಜಿ ಹಿಂದಕ್ಕೆ ಪಡೆದರೆ ನಾಳೆಯಿಂದ ಯಾರನ್ನು ಯಾವ ಮುಖ ಇಟ್ಟುಕೊಂಡು ಬೈಯಲಿ? ಬೇಡ, ಮನೆಯನ್ನೇ ರಸ್ತೆಯ ಕಡೆಗೆ ಸರಿಸೋಣ ಎಂದೆ.

ಅದು ಪಾಯ ತೋಡಿದ ಮನೆಯಲ್ಲ. ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಚೌಕಟ್ಟು, ಸುತ್ತ ತಗಡು, ಮೂಲೆಗಳ ಕೆಳಗೆ ಚಪ್ಪಡಿ ಕಲ್ಲು, ನೆಲ ಸಗಣಿ ಸಾರಿಸಿದ ಮಣ್ಣು. ಬಿಚ್ಚಲು ಬರುವುದಿಲ್ಲ, ಎತ್ತಬಹುದು. ಸೋಮವಾರಕ್ಕೆ ಹೊಸಪೇಟೆಯಿಂದ ಕ್ರೇನು ಹೇಳಿದೆವು. ಸಾಮಾನೆಲ್ಲ ಹೊರಗಿಟ್ಟು, ಒಲೆಯನ್ನು ಪಕ್ಕಕ್ಕೆ ಹೂಡಿ ಮಿರ್ಚಿ ಕರಿಯುತ್ತ ಬೆಳಗ್ಗೆಯಿಂದ ಕಾದರೆ ಕ್ರೇನೂ ಇಲ್ಲ, ಏನೂ ಇಲ್ಲ. ರಸ್ತೆಯ ತುಂಬ ಲಾರಿ, ಕಣ್ಣು ಹರಿಯುವವರೆಗೂ ಜಾಮ್. ಕ್ರೇನು ಅದರೊಳಗೆಲ್ಲೋ ಸಿಕ್ಕಿಹಾಕಿಕೊಂಡಿತ್ತು. ಮನೋಹರ್ ಮಾತ್ರ ಬೈಕಿನಲ್ಲಿ ಸಂದಿಗೊಂದಿ ನುಸುಳಿ ಬಂದರು. "ಜೆಸಿಬಿನೂ ಹಿಂದ ನಿಂತದ ಭೀಮಮ್ಮಾರ. ಜಾಮ್ ಬಿಟ್ಟ ಕೂಡ್ಲೆ ಬರ್ತದ" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು! ಸೌಟು ಹಿಡಿದುಕೊಂಡೇ ರಸ್ತೆಗೆ ಹೋದೆ. ಡ್ರೈವರುಗಳು, ಕ್ಲೀನರುಗಳು ಲಾರಿಯ ನೆರಳಲ್ಲಿ ಇಸ್ಪೀಟು ಹಾಕಿಕೊಂಡು ಕೂತಿದ್ದರು.

"ಲೇ! ನನ್ನ ಮಿರ್ಚಿ ತಿಂದು ತಿಂದು ತೋಳು ಬೆಳಿಸೀರಿ. ಇವತ್ತಾರ ಉಪಯೋಗಕ್ಕ ಬರ್ಲಿ, ಏಳ್ರಿ!"

ಯಾರೂ ಏಳಲಿಲ್ಲ. ಕೆರೆಯಿಂದ ಅವರನ್ನು ಓಡಿಸಿದವಳೇ ನಾನು, ಯಾಕೆ ಏಳುತ್ತಾರೆ? ಹುಸೇನಪ್ಪ ಕೈಯಲ್ಲಿದ್ದ ಎಲೆ ನೋಡಿದ, ನನ್ನನ್ನು ನೋಡಿದ. "ಹೆಂಗೂ ಸೋಲಾಕತ್ತೀನಿ, ನಡೀರೆಪಾ" ಎಂದು ಎಲೆ ಬಿಸಾಕಿ ಎದ್ದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಸುತ್ತ ನಿಂತು ಚೌಕಟ್ಟಿಗೆ ಕೈ ಹಾಕಿದಾಗ ನೋಡಿದರೆ ತಾಯಕ್ಕ ಒಳಗೇ ಇದ್ದಾಳೆ, ಕೈಯಲ್ಲಿ ಹಚ್ಚಿದ ದೀಪ.

"ಹೊರಗ ಬಾ ಅತ್ತಿ!"

"ದೀಪ ಇಲ್ದ ಮನಿ ಎತ್ತಬಾರ್ದು. ಮನಿ ನಡದಂಗ ನಾನೂ ಒಳಗ ನಡೀತೀನಿ. ನೀವು ಹೊರಗ ಸರಿಯಾಗಿ ನಡೀರಿ ಸಾಕು."

"ಹೋ" ಎಂದು ಕೂಗಿ ಎತ್ತಿದರು. ತಗಡು ಕಿರುಗುಟ್ಟಿತು, ಮನೆ ನೆಲ ಬಿಟ್ಟಿತು. ಕೆಳಗಿನ ಸಂದಿಯಲ್ಲಿ ಅತ್ತೆಯ ಎರಡು ಪಾದ ಮಾತ್ರ ಕಾಣುತ್ತಿದ್ದವು, ಪುಟುಪುಟು ಹೆಜ್ಜೆ ಹಾಕುತ್ತ. ನಗು ತಡೆಯಲಾರದೆ ಕ್ಲೀನರುಗಳ ಕೈ ಸಡಿಲಾಗತೊಡಗಿತು. ಗುಡ್ಡಪ್ಪ, ನನ್ನ ಮೂಕ ಗುಡ್ಡಪ್ಪ, "ನಗಬ್ಯಾಡ್ರಲೇ!" ಎಂದು ಗದರಿಸಿಬಿಟ್ಟ.

ಅರ್ಧ ದಾರಿಯೂ ಆಗಿರಲಿಲ್ಲ. ಸುಣ್ಣದ ಗೆರೆ ಇನ್ನೂ ಮನೆಯ ಕೆಳಗೇ ಇತ್ತು. ರಸ್ತೆಯಲ್ಲಿ ಹಾರ್ನು ಮೇಲೆ ಹಾರ್ನು. ಯಾರೋ ಕೂಗಿದರು, "ಬಿಡ್ತು! ಜಾಮ್ ಬಿಡ್ತು!"

ಎಲ್ಲರೂ ನಿಂತುಬಿಟ್ಟರು. ಆ ಕಾಲದಲ್ಲಿ ಜಾಮ್ ಬಿಡುವುದೆಂದರೆ ಸಣ್ಣ ಮಾತಲ್ಲ. ಮುಂದೆ ಹೋದವನಿಗೆ ಇವತ್ತಿನ ಟ್ರಿಪ್ಪು, ಹಿಂದೆ ಉಳಿದವನಿಗೆ ಮಾಲೀಕನ ಬೈಗುಳ. ಮುಂದಿನ ಲಾರಿಗಳು ಆಗಲೇ ಉರುಳುತ್ತಿದ್ದವು, ಹಿಂದಿನವರು ಹಾರ್ನು ಒತ್ತಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಒಬ್ಬೊಬ್ಬರೂ ತಮ್ಮ ತಮ್ಮ ಲಾರಿಯ ಕಡೆ ನೋಡಿದರು. ಹೋಗುತ್ತಾರೆ, ಮನೆ ನೆಲಕ್ಕೆ ಬೀಳುತ್ತದೆ, ಅತ್ತೆಯ ಗತಿ ಏನು? ಅವರ ಜಾಗದಲ್ಲಿ ನಾನಿದ್ದರೆ ಮೆಲ್ಲಗೆ ಕೆಳಗಿಟ್ಟು ಹೋಗಿಯೇಬಿಡುತ್ತಿದ್ದೆ.

"ಯಾರೂ ಕೈ ಬಿಡಬ್ಯಾಡ್ರಿ!" ಹುಸೇನಪ್ಪನ ದನಿ. "ಒಳಗ ಮುದುಕಿ ಅದಾಳ!"

"ಯಾವನಲೇ ನನಗ ಮುದುಕಿ ಅನ್ನೋನು?" ಒಳಗಿಂದ ತಾಯಕ್ಕ. "ಯಾಕ ನಿಂತೀರಿ? ದೀಪದ ಎಣ್ಣಿ ತೀರಾಕತ್ತೈತಿ, ನಡೀರಿ!"

ಬೈಸಿಕೊಂಡ ಎತ್ತುಗಳಂತೆ ಎಲ್ಲರೂ ಮುಂದಕ್ಕೆ ಹೆಜ್ಜೆ ಹಾಕಿದರು. ಮನೋಹರ್ ಟೇಪು ಜೇಬಿಗೆ ತುರುಕಿ, ತೋಳು ಮಡಚಿ, ಅವರ ನಡುವೆ ನುಗ್ಗಿ ತಾವೂ ಕೈ ಕೊಟ್ಟರು. ರಸ್ತೆಯ ತುಂಬ ಹಾರ್ನಿನ ಗಲಾಟೆ. ಮುಂದೆ ದಾರಿ ಖಾಲಿ, ಡ್ರೈವರುಗಳಿಲ್ಲದ ಲಾರಿಗಳು ಸಾಲಾಗಿ ನಿಂತಿವೆ. ಅಂದಿನ ಎರಡನೇ ಜಾಮಿಗೆ ಕಾರಣ ನನ್ನ ಮನೆ.

ಮನೆ ಕೆಳಗಿಟ್ಟರು. ಮನೋಹರ್ ಅಳೆದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಗೆರಿಯಿಂದ ಒಂದು ಗೇಣು ಆಚೆ. ಆತ್ರಿ ಭೀಮಮ್ಮಾರ, ಇನ್ನ ಜೆಸಿಬಿ ವಾಪಸ್ ಕಳಸ್ತೀನಿ."

ಮಾತು ಮುಗಿಯುವ ಮೊದಲೇ ಎಲ್ಲರೂ ರಸ್ತೆಗೆ ಓಡಿದ್ದರು. ಬಾಣಲೆ ತುಂಬ ಮಿರ್ಚಿ ಹಾಗೇ ಇತ್ತು, ಒಬ್ಬನಾದರೂ ಮುಟ್ಟಿರಲಿಲ್ಲ. "ಲೇ ಹುಸೇನಪ್ಪಾ, ತಿಂದ್ ಹೋಗೋ!" ಎಂದು ಕೂಗಿದರೆ, "ನಾಳಿ ಅಕ್ಕಾ!" ಎಂದು ಹಾರಿ ಲಾರಿ ಹತ್ತಿದ. ನನಗೆ ಅಳು ಬಂತು. ಅತ್ತೆಯ ಮುಂದೆ ಅಳುವುದೇ ಎಂದು ಒಲೆಯ ಹೊಗೆಯ ಮೇಲೆ ಹಾಕಿದೆ.

ಮರುದಿನ ಹುಸೇನಪ್ಪ ಬರಲಿಲ್ಲ. ಆ ವಾರ ಕಳೆದ ಮೇಲೆ ಒಂದು ಲಾರಿ ಮನೆ ಮುಂದೆ ಬಂದು ನಿಂತಿತು. ಯಾರದೆಂದು ಗುರುತೇ ಸಿಗಲಿಲ್ಲ. ಹಣೆಯಿಂದ ಚಕ್ರದವರೆಗೆ ಕೆಂಧೂಳಿನ ಪದರ, ಕುಚ್ಚು ಯಾವುದು ಕನ್ನಡಿ ಯಾವುದು ತಿಳಿಯದು. ಬಾಗಿಲು ತೆರೆದು ಹುಸೇನಪ್ಪ ಇಳಿದ.

"ಥೂ, ಇದೇನೋ ನಿನ್ನ ಗಾಡಿ ಅವತಾರ?"

"ಬೋರ್ಡ್ ಓದಾಕ ಬರ್ತದ ಅಕ್ಕಾ ನಂಗ" ಎಂದ, ಕೆರೆಯ ಕಡೆ ತಿರುಗಿಯೂ ನೋಡದೆ. "ಮಳಿ ಬಂದಾಗ ತೊಳೀತದ ಬಿಡ್ರಿ. ಮಿರ್ಚಿ ಅದಾವೇನು?"

ಬೈಯಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಂದ ಒಲೆ ಊದಿ, ಬಾಣಲೆ ಇಟ್ಟೆ.