ಮಾರಾಟಕ್ಕೆ ಬಳಿದ ಸುಣ್ಣ

ಮಹೇಶ್ವರಪ್ಪನಂಥ ಜುಗ್ಗ ಚನ್ನಗಿರಿಯಲ್ಲಿ ಇನ್ನೊಬ್ಬನಿರಲಿಲ್ಲ. ಅಂಥವನು ಮನೆ ಮಾರಲು ಹೊರಟು, ಕೈಯಿಂದ ಕಾಸು ಬಿಚ್ಚದೆ ಅದನ್ನು ಹೊಸದರಂತೆ ಮಾಡುವ ದಾರಿ ಹುಡುಕಿದರೆ ಯಾರಿಗೆ ಆಶ್ಚರ್ಯವಾದೀತು!

ಮೂವತ್ತೆಂಟನೆಯ ಇಸವಿಯ ಮಾತು, ಸುಗ್ಗಿ ಆಗತಾನೆ ಮುಗಿದಿತ್ತು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ, ಜಗಳೂರಿನಲ್ಲಿರುವ ಅಣ್ಣನ ಜೊತೆ ಕಂಬಳಿ ವ್ಯಾಪಾರಕ್ಕೆ ನಿಲ್ಲುತ್ತೇನೆ ಅಂದುಬಿಟ್ಟ. ಅವತ್ತೇ ತಾಯಿ ಸರ್ವಮಂಗಳಮ್ಮನನ್ನು ಬಸ್ಸು ಹತ್ತಿಸಿದ. "ಅವ್ವ ಮುಂದೆ ಹೋಗಿರ್ಲಿ. ಮನೆ ಮಾರಿ ನಾವೂ ಹೋಗಾನ," ಎಂದ. ಹೆಂಡತಿ ಕಸ್ತೂರಮ್ಮನ ಹಿಗ್ಗು ಹೇಳತೀರದು. ಜಗಳೂರು ಅವಳ ತವರು. ಬಸ್ಸಿನ ಚಾರ್ಜು ದಂಡ ಎಂದು ಗಂಡ ಅವಳನ್ನು ವರ್ಷಗಟ್ಟಲೆ ಕಳಿಸಿರಲಿಲ್ಲ. ಈ ಮನೆ ಮಾರಿಹೋದರೆ ಹಾಸಿಗೆ ಹಿಡಿದ ಹೆತ್ತವ್ವನ ಮುಖ ದಿನವೂ ನೋಡಬಹುದಿತ್ತು.

ಹಾಗಾಗಿ ಅವಳು ಸೀರೆ ಎತ್ತಿಕಟ್ಟಿ ದುಡಿದಳು. ಸುಣ್ಣದ ಹರಳನ್ನು ಗುಡಾಣದಲ್ಲಿ ಅರಳಿಸಿ, ಚಿಟಿಕೆ ನೀಲಿ ಬೆರೆಸಿ, ಕತ್ತಾಳೆ ನಾರಿನ ಕುಂಚ ಕಟ್ಟಿ ಗೋಡೆಗೆಲ್ಲ ಬಳಿದಳು. ಕೆರೆಯಂಗಳದಿಂದ ಕೆಮ್ಮಣ್ಣು ತಂದು ಗೋಡೆಯ ಬುಡಕ್ಕೆ ಪಟ್ಟೆ ಎಳೆದಳು. ನೆಲ ಸಾರಿಸಿದಳು, ಬಾಗಿಲಿಗೆ ಹರಳೆಣ್ಣೆ ತಿಕ್ಕಿದಳು. ಸುಣ್ಣದ ಖಾರಕ್ಕೆ ಅಂಗೈ, ಬೆರಳ ತುದಿಯ ಚರ್ಮ ಸುಲಿದು ಬಂತು. ಅನ್ನ ಕಲಸಿದರೆ ಉರಿ.

ಮಹೇಶ್ವರಪ್ಪನೂ ಸುಮ್ಮನೆ ಕೂರಲಿಲ್ಲ ಎನ್ನಿ. ಅವನ ಉಪಾಯಗಳೇ ಬೇರೆ. ಉಗ್ರಾಣದಲ್ಲಿ ಹೊಟ್ಟು ತುಂಬಿದ ಚೀಲಗಳನ್ನು ಸಾಲಾಗಿ ನಿಲ್ಲಿಸಿದ. ನೋಡಿದವರು ಕಾಳಿನ ಚೀಲ ಎಂದುಕೊಳ್ಳಬೇಕು, ಈ ಮನೆಯಲ್ಲಿ ಲಕ್ಷ್ಮಿ ಕಾಲು ಮುರಿದುಕೊಂಡು ಬಿದ್ದಿದ್ದಾಳೆ ಅನ್ನಬೇಕು. ಗೋಡೆಯ ಬುಡದ ಬಿಲಗಳಿಗೆ ಗಾಜಿನ ಚೂರು ತುರುಕಿ ತಾನೇ ಮಣ್ಣು ಮೆತ್ತಿದ. ಬೆಳಿಗ್ಗೆ ಸಂಜೆ ಲೋಬಾನದ ಹೊಗೆ ಬೇರೆ.

"ಮನಿ ಘಮಘಮ ಅನ್ನಬೇಕು ಕಸ್ತೂರಿ. ನೀನು ಉಗ್ರಾಣದ ಕಡೆ ಮಾತ್ರ ಹೋಗಬ್ಯಾಡ. ಚೀಲ ಕೆಡವಿದ್ರೆ ಹೊಟ್ಟು ಚೆಲ್ಲಿ ನನ್ನ ಮಾನ ಹೋಗ್ತೈತಿ," ಎಂದ.

ಅವಳು ನಕ್ಕು ಕೆಲಸಕ್ಕೆ ಹೊರಟಳು.

ಸೋಮವಾರ ನ್ಯಾಮತಿಯಿಂದ ಕೊಟ್ರಬಸಪ್ಪ ಎಂಬವನು ಮನೆ ನೋಡಲು ಬಂದ. ಜೊತೆಗೆ ಹೆಂಡತಿ ನಿರ್ಮಲಮ್ಮ, ಅವಳ ಸೊಂಟದಲ್ಲಿ ಆಗತಾನೆ ಹಲ್ಲು ಮೂಡುತ್ತಿದ್ದ ಹೆಣ್ಣುಕೂಸು. ನಿರ್ಮಲಮ್ಮ ಬಿಳಿ ಗೋಡೆ ಮುಟ್ಟಿ ಮುಟ್ಟಿ ನೋಡಿದಳು. "ಎಷ್ಟು ಚೊಕ್ಕಟ ಇಟ್ಟೀರಿ ಅಕ್ಕ! ನನ್ನ ಕೂಸು ಈ ನೆಲದ ಮ್ಯಾಲೆ ಅಂಬೆಗಾಲಿಡಲಿ ಬಿಡ್ರಿ," ಎಂದಳು. ಪಡಸಾಲೆಯಲ್ಲಿ ಗಂಡಸರ ಮಾತು ಕುದುರಿತು. ಎಲೆ ಅಡಿಕೆ ಕೈ ಬದಲಾಯಿತು.

ಮನೆಗೆ ಬಂದ ಮುತ್ತೈದೆಯನ್ನು ಬರಿಯ ಉಡಿಯಲ್ಲಿ ಕಳಿಸುವುದುಂಟೆ? ಅದರಲ್ಲೂ ಈ ಮನೆಗೆ ಒಡತಿಯಾಗಿ ಬರುವವಳನ್ನು? ಕಸ್ತೂರಮ್ಮ ಕೊಬ್ಬರಿ, ಕುಪ್ಪಸದ ಕಣ ಮೊರಕ್ಕಿಟ್ಟಳು. ಅಡುಗೆಮನೆಯಲ್ಲಿದ್ದದ್ದು ನುಚ್ಚು. ಹಬ್ಬಕ್ಕೆಂದು ಎತ್ತಿಟ್ಟ ಸಣ್ಣಕ್ಕಿಯ ಮಡಕೆ ಉಗ್ರಾಣದ ಮೂಲೆಯಲ್ಲಿ, ಚೀಲಗಳ ಹಿಂದಿತ್ತು. ಹೊಟ್ಟು ಚೆಲ್ಲದಂತೆ ಹುಷಾರಾಗಿ ಒಂದು ಚೀಲ ಸರಿಸಿದಳು.

ಹಿಂದೆ ಇಲಿಗಳು ಸತ್ತು ಬಿದ್ದಿದ್ದವು. ಒಂದು ಈಗ ಸತ್ತದ್ದು, ಮೂತಿಯಲ್ಲಿ ರಕ್ತ. ಉಳಿದವು ಒಣಗಿ ತೊಗಲಾಗಿದ್ದವು, ಅವುಗಳ ಮೇಲೆ ಯಾರೋ ಸುಣ್ಣದ ಪುಡಿ ಉದುರಿಸಿದ್ದರು. ಯಾರೋ ಏನು ಬಂತು, ಅವನೇ!

ಇಲಿ ಬಿದ್ದರೆ ಪ್ಲೇಗು ಎಂಬುದು ಎಳೆಮಕ್ಕಳಿಗೂ ಗೊತ್ತು. ಇಲಿ ಬಿದ್ದ ಗಳಿಗೆಯೇ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಬೇಕು. ಲೋಬಾನ ಯಾಕೆ ಹಾಕುತ್ತಿದ್ದ, ಬಿಲ ಯಾಕೆ ಮುಚ್ಚಿದ, ಎಲ್ಲ ಕಸ್ತೂರಮ್ಮನಿಗೆ ಒಮ್ಮೆಲೇ ತಿಳಿಯಿತು.

ಹೊರಗೆ ಕೂಸು ಕೇಕೆ ಹಾಕಿತು. ತವರು ನೆನಪಾಯಿತು, ಅವ್ವ ನೆನಪಾದಳು. ಈಗ ಬಾಯಿ ಮುಚ್ಚಿಕೊಂಡಿದ್ದರೆ ನಾಳೆಯೇ ಜಗಳೂರು. ಸುಳ್ಳೇಕೆ, ಹಾಗೂ ಒಂದು ಸಲ ಅನ್ನಿಸಿತು. ಮಡಕೆಯಿಂದ ಅಕ್ಕಿ ತುಂಬಿಕೊಂಡು ಹೊರಗೂ ಬಂದಳು.

ನಿರ್ಮಲಮ್ಮ ಮಣೆಯ ಮೇಲೆ ಕೂತು ಸೆರಗೊಡ್ಡಿದಳು. ಅಮ್ಮನಿಗಿಂತ ಮುಂಚೆ ಕೂಸು ಮೊರದ ಅಕ್ಕಿಗೆ ಕೈಚಾಚಿತು.

ಕಸ್ತೂರಮ್ಮ ಮೊರವನ್ನು ಹಿಂದಕ್ಕೆ ಎಳೆದುಕೊಂಡಳು. "ಕೂಸನ್ನ ಎತ್ಕೋ ತಂಗಿ! ಎತ್ಕೊಂಡು ಹೊರಗೆ ನಡಿ. ಈ ಮನ್ಯಾಗೆ ಇಲಿ ಬಿದ್ದೈತೆ."

ನಿರ್ಮಲಮ್ಮ ಚೀರಿ ಕೂಸನ್ನು ಅವಚಿಕೊಂಡು ಬೀದಿಗೆ ಓಡಿದಳು. ಕೊಟ್ರಬಸಪ್ಪ ಕೈಯಲ್ಲಿದ್ದ ಎಲೆ ಅಡಿಕೆಯನ್ನು ನೆಲಕ್ಕೆಸೆದ. "ಹಾಲು ಕುಡಿಯೋ ಕೂಸಿರೋರಿಗೆ ಇಂಥ ಮನಿ ಮಾರಾಕೆ ನಿಮಗೆ ಮನಸ್ಸಾದ್ರೂ ಹೆಂಗೆ ಬಂತ್ರಿ?" ಎಂದವನು ಉತ್ತರಕ್ಕೆ ನಿಲ್ಲಲಿಲ್ಲ.

ಮಹೇಶ್ವರಪ್ಪ ಕೆಂಡವಾದ. "ಮನಿಹಾಳಿ! ಆಗೋ ಯಾಪಾರಕ್ಕೆ ಮಣ್ಣು ಹಾಕಿದೆಲ್ಲ!"

"ಇಲಿ ಯಾವಾಗ ಬಿತ್ತು?"

ಅವನು ಬಗ್ಗಿ ನೆಲಕ್ಕೆ ಬಿದ್ದ ಅಡಿಕೆ ಆರಿಸತೊಡಗಿದ.

"ಅತ್ತೇರನ್ನ ಕಳಿಸಿದ್ರಲ್ಲ, ಅವತ್ತೇನ್ರಿ?"

"ವಯಸ್ಸಾದ ಜೀವ. ಇಲ್ಲಿ ಹೆಂಗೆ ಇಟ್ಕೊಳ್ಳಾಕೆ ಆಗ್ತೈತಿ?"

ಕಸ್ತೂರಮ್ಮನಿಗೆ ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಅಷ್ಟು ದಿನವೂ ಆ ಉಗ್ರಾಣದ ಗೋಡೆಗೆ ತಲೆಯಿಟ್ಟು ಮಲಗಿದ್ದಳು. "ಮತ್ತೆ ನನ್ನ ಯಾಕೆ ಕಳಿಸಲಿಲ್ಲ?"

ಇಷ್ಟೂ ತಿಳಿಯದೇ ಎಂಬಂತೆ ಅವನು ಅವಳನ್ನೇ ನೋಡಿದ. "ನೀ ಹೋಗಿದ್ರೆ ಸುಣ್ಣ ಬಳಿಯೋರು ಯಾರು? ಆಳು ಹಚ್ಚಿದ್ರೆ ಕೂಲಿ ಕೊಡಬೇಕಿತ್ತಲ್ಲ."

ಅವಳು ಅಳಲಿಲ್ಲ, ಅಳುವುದೂ ಮರೆತಂತಾಗಿತ್ತು. ಉಳಿದಿದ್ದ ಕೆಮ್ಮಣ್ಣಿನ ಮಡಕೆ ಎತ್ತಿಕೊಂಡು ಹೊರಗೆ ಹೋದಳು. ತಾನೇ ಬಳಿದ ಬೆಳ್ಳನೆಯ ಗೋಡೆಯ ಮೇಲೆ, ಬಾಗಿಲ ಎರಡೂ ಕಡೆ, ಹೋಗಿಬರುವವರಿಗೆಲ್ಲ ಎಚ್ಚರಿಕೆಯಾಗಲೆಂದು ಸುಲಿದ ಅಂಗೈಯಿಂದಲೇ ಕೆಮ್ಮಣ್ಣು ಮೆತ್ತತೊಡಗಿದಳು. ನೆರೆಯವರು ಓಡಿಬಂದರು.

"ಇಲಿ ಬಿದ್ದೈತೆ, ನೀವೂ ಮನಿ ಬಿಡ್ರಿ. ಯಾರೂ ಈ ಮನಿ ಕೊಳ್ಳಬ್ಯಾಡ್ರಿ," ಎಂದಳು.

ಒಳಗಿನಿಂದ ಮಹೇಶ್ವರಪ್ಪ ಕೂಗುತ್ತಿದ್ದ, ಬಳಿದ ಸುಣ್ಣವೆಲ್ಲ ದಂಡವಾಯಿತು ಎಂದು.