ಬಾಗಿಲಡಿಯ ಬಟ್ಟೆ

ಬಾಗಿಲಿನ ಕೆಳಗೆ ಎರಡು ಬೆರಳಷ್ಟು ಸಂದು, ಅದರಿಂದ ಬೆಳಕು ಬರುತ್ತಿದೆ, ಬೆಳಕಿನಲ್ಲಿ ಯಾರದೋ ಬಿಳಿ ಚಪ್ಪಲಿ ಅತ್ತ ಹೋಯಿತು, ಇತ್ತ ಬಂತು, ನಿಂತಿತು — ಎಡಗಾಲಿನ ಪಟ್ಟಿ ಸರಿಯಾಗಿ ಕೂತಿಲ್ಲ, ಅಂಚು ಬಿಟ್ಟುಕೊಂಡಿದೆ, ಹನ್ನೊಂದು ವರ್ಷ ಮನೆಯಲ್ಲೇ ಕೂತು ಚಪ್ಪಲಿಗೆ ಪಟ್ಟಿ ಅಂಟಿಸಿದವಳ ಕಣ್ಣು, ಎಲ್ಲಿದ್ದರೂ ಅದನ್ನೇ ಹುಡುಕುತ್ತದೆ — ಇಷ್ಟು ದೊಡ್ಡ ಆಸ್ಪತ್ರೆ, ಸುಟ್ಟಗಾಯದವರ ವಾರ್ಡು, ಇಲ್ಲಿ ಬಾಗಿಲಡಿ ಯಾರೂ ಏನೂ ತುರುಕಿಲ್ಲವಲ್ಲ, ಒಳಗೆ ಮಗಳ ಮೈ ಇನ್ನೂ ಹಸಿ, ಧೂಳು ಕೂರುತ್ತದಲ್ಲ, ಥೂ, ಇದೆಂಥ ಯೋಚನೆ, ಅದು ಅಂಟಲ್ಲ, ಚರ್ಮ. ನೂರಕ್ಕೆ ಮೂವತ್ತು ಭಾಗ ಅಂದರು ಡಾಕ್ಟರು, ಎರಡೂ ಕಾಲು, ಎರಡೂ ಅಂಗೈ, ಮೂರು ದಿನ ದಾಟಲಿ ನೋಡೋಣ ಅಂದರು, ನಿನ್ನೆ ಮಧ್ಯಾಹ್ನದಿಂದ ಇವತ್ತು ಮಧ್ಯಾಹ್ನಕ್ಕೆ ಒಂದು ದಿನ ದಾಟಿದೆ, ಇನ್ನೆರಡು. ಪಕ್ಕದ ಬೆಂಚಿನಲ್ಲಿ ಅಗ್ನಿಶಾಮಕದ ಅಧಿಕಾರಿ ಕೂತಿದ್ದಾನೆ, ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ, ಒಳ್ಳೆಯವನ ಹಾಗೆ ಕಾಣುತ್ತಾನೆ, ದನಿ ಎತ್ತುವುದಿಲ್ಲ. ರೂಮು ಎಷ್ಟಿದೆಯಮ್ಮ? ಹತ್ತಕ್ಕೆ ಹನ್ನೆರಡು. ಕಿಟಕಿ? ಇದೆ, ಗಾಜು ಒಡೆದುಹೋಯ್ತು ಅಂತ ಓನರ್ರು ಹಲಗೆ ಹೊಡೆಸಿದ್ದಾರೆ. ಅಡುಗೆ ಎಲ್ಲಿ? ಅಲ್ಲೇ. ಮಲಗೋದು? ಅಲ್ಲೇ. ಅಂಟಿನ ಕೆಲಸ? ಅಲ್ಲೇ ಸ್ವಾಮಿ, ಮತ್ತೆಲ್ಲಿ ಮಾಡ್ಲಿ, ಅರಮನೆ ಇದೆಯಾ — ಅಂದುಬಿಟ್ಟಳು, ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಬರೆದುಕೊಂಡ, ಅಲ್ಲೇ, ಅಲ್ಲೇ, ಅಲ್ಲೇ.

ಒಲೆ ನೆಲದ ಮೇಲಿತ್ತಾ ಎಂದು ಕೇಳಿದ, ಕಟ್ಟೆ ಇಲ್ಲ, ನೆಲದ ಮೇಲೆಯೇ. ಯಾರು ಹಚ್ಚಿದ್ದು? ಮಗಳು. ಹಚ್ಚು ಅಂದಿದ್ದು? ನಾನು. ಅಷ್ಟನ್ನು ಹೇಳುವುದು ಕಷ್ಟವಾಗಲಿಲ್ಲ, ನಾಲಿಗೆ ತಾನಾಗಿ ಹೇಳಿತು — ನಾನು ಮಾಲು ಕೊಟ್ಟು ಬರೋಷ್ಟರಲ್ಲಿ ಸ್ವಲ್ಪ ನೀರು ಕಾಯಕ್ಕಿಡು ಚೂಟಿ, ಅಂತ ಮೆಟ್ಟಿಲಿನಿಂದ ಕೂಗಿದ್ದು ತಾನೇ, ಒಳಗೆ ಆಗತಾನೆ ಅಂಟು ಬಳಿದ ನಲವತ್ತು ಚಪ್ಪಲಿ ಅಟ್ಟೆಗಳು ಸಾಲಾಗಿ ಒಣಗುತ್ತಿದ್ದವು. ಅಧಿಕಾರಿ ಪೆನ್ನು ತಿರುಗಿಸುತ್ತ, ಆ ಅಂಟಿನ ಆವಿ ಗಾಳಿಗಿಂತ ಭಾರ ಕಣಮ್ಮ, ಮೇಲಕ್ಕೆ ಹೋಗಲ್ಲ, ನೆಲದ ಮೇಲೆ ನೀರು ನಿಂತ ಹಾಗೆ ನಿಂತ್ಕೊಳುತ್ತೆ, ಕಣ್ಣಿಗೆ ಕಾಣಲ್ಲ, ಅದಕ್ಕೇ ಕಾಲು ಮೊದಲು ಹಿಡೀತು — ಎಂದ, ಅವಳಿಗೆ ನೆಲದ ಮೇಲೆ ಹಾಸಿದ ಚಾಪೆ ಕಂಡಿತು, ಹನ್ನೊಂದು ವರ್ಷ ಅದರಲ್ಲೇ ಮುಳುಗಿ ಮಲಗಿದ್ದೆವಾ, ಬೆಳಿಗ್ಗೆ ಎದ್ದರೆ ಇಬ್ಬರಿಗೂ ತಲೆಭಾರ, ಮಗಳು ತಮಾಷೆ ಮಾಡುತ್ತಿದ್ದಳು, ಅಮ್ಮಾ ನಮ್ಮಿಬ್ಬರ ತಲೇನೂ ಒಂದಕ್ಕೊಂದು ಅಂಟ್ಕೊಂಡಿದೆ, ಕಿತ್ತು ನೋಡು. ಬಾಗಿಲಡಿ ಒಂಚೂರು ಸಂದಿದ್ದಿದ್ರೂ, ಅಧಿಕಾರಿ ಹೇಳುತ್ತಿದ್ದಾನೆ, ಅರ್ಧಕ್ಕರ್ಧ ಆಚೆ ಹರಿದು ಹೋಗ್ತಿತ್ತು, ಅಲ್ಲೇನೋ ಬಟ್ಟೆ ಸುರುಳಿ ಸಿಕ್ಕಿತು, ಹಸಿರು ಬಟ್ಟೆ, ಒಂದು ತುದಿ ಸುಟ್ಟಿಲ್ಲ, ಅದು ಯಾಕಿತ್ತು?

ಯಾಕೆಂದರೆ ಧೂಳು, ಮಾಲು ನೋಡುವವನು ಒಂದೊಂದೇ ಚಪ್ಪಲಿ ಎತ್ತಿ ಟ್ಯೂಬ್‌ಲೈಟಿಗೆ ಹಿಡಿಯುತ್ತಾನೆ, ಏನಮ್ಮ ಇದು, ಅಂಟಲ್ಲಿ ಕೂದಲು ಬೆಳೆದಿದೆ, ಬಾಚಣಿಗೆ ಕಳಿಸ್ಲಾ ಅನ್ನುತ್ತಾನೆ, ಒಂದು ಕಣ ಕಂಡರೆ ಇಡೀ ಡಜನ್ ವಾಪಸ್ಸು — ಬೀದಿಯ ಧೂಳು ಬಾಗಿಲಡಿಯಿಂದಲೇ ಬರುವುದು ಎಂದು ಕಂಡುಹಿಡಿದವಳು ಅವಳೇ, ಹಳೇ ಹಸಿರು ಸೀರೆ ಹರಿದು, ಒದ್ದೆ ಮಾಡಿ, ಹಿಂಡಿ, ಸುರುಳಿ ಸುತ್ತಿ ಒಳಗಿನಿಂದ ತುರುಕಿದವಳು ಅವಳೇ, ಆಮೇಲೆ ಒಂದು ಜೊತೆಯೂ ವಾಪಸ್ಸು ಬರಲಿಲ್ಲ, ಮಹಡಿಯ ಹೆಂಗಸರೆಲ್ಲ ಬಂದು ನೋಡಿಕೊಂಡು ಹೋದರು, ಇಂಜಿನಿಯರಮ್ಮ ಎಂದು ಹೆಸರಿಟ್ಟರು, ನಮಗೂ ಕಲಿಸಿಕೊಡ್ರೀ ಇಂಜಿನಿಯರಮ್ಮ, ಅವಳು ಮನೆಮನೆಗೂ ಹೋಗಿ ಬಾಗಿಲ ಅಳತೆ ನೋಡಿ ಬಟ್ಟೆ ಹರಿದು ಕೊಟ್ಟಳು, ಎಷ್ಟು ಹೆಮ್ಮೆ ಆವತ್ತು. ಮಿಕ್ಕ ಮನೆಗಳಲ್ಲೂ ಇದೇ ಕೆಲಸಾನಾ, ಅಧಿಕಾರಿ ಕೇಳುತ್ತಾನೆ, ಅಲ್ಲೂ ಹೀಗೇ ತುರುಕ್ತಾರಾ? ಹೌದು ಅಂದರೆ ಇವತ್ತೇ ಹೋಗಿ ಅಂಟಿನ ಡಬ್ಬ ಎತ್ತಿಕೊಂಡು ಬರುತ್ತಾನೆ, ಏಳು ಮನೆಯ ಕೆಲಸ ನಿಲ್ಲುತ್ತದೆ, ಏಳು ಮನೆಯವರೂ ಇನ್ನು ಅವಳ ಮುಖ ನೋಡುವುದಿಲ್ಲ, ಇಲ್ಲ ಅಂದರೆ — ಗೊತ್ತಿಲ್ಲ ಸ್ವಾಮಿ, ನಾನು ನೋಡಿಲ್ಲ, ಅಂದಳು, ಅವನು ಅದನ್ನೂ ಬರೆದುಕೊಂಡ.

ಮೆಟ್ಟಿಲು ಹತ್ತಿ ಇಸ್ತ್ರಿಯವನು ಬಂದ, ಕಟ್ಟಡದ ಕೆಳಗೆ ಅಂಗಡಿ ಇಟ್ಟವನು, ನಿನ್ನೆ ಮೊದಲು ಓಡಿದವನು, ಬಲಗೈಗೆ ಪಟ್ಟಿ ಕಟ್ಟಿದ್ದಾರೆ, ಎಡಗೈಯಲ್ಲಿ ಅವಳಿಗೆಂದು ನೀರಿನ ಬಾಟಲಿ. ತಳ್ಳಿದಷ್ಟೂ ಬಿಗಿಯಾಗ್ತಿತ್ತು ಅಕ್ಕಾ, ನಿನ್ನೆಯಿಂದ ಅವನದು ಅದೊಂದೇ ಮಾತು, ಒಳಕ್ಕೆ ತೆರೆಯೋ ಬಾಗಿಲು, ಬಟ್ಟೆ ಅಡಿಗೆ ಮಡಚಿಕೊಂಡು ಕೂತುಬಿಡ್ತು, ಕೂಸು ಆ ಕಡೆಯಿಂದ ಕೈಯಲ್ಲಿ ಕೀಳ್ತಾನೇ ಇತ್ತು, ಬಾಗಿಲಡಿ ನಂಗೆ ಬೆರಳು ಕಾಣಿಸ್ತಿತ್ತು. ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ, ಕೇಳಬೇಕು. ಮಹಡಿಯವರೆಲ್ಲ ಹೇಗಿದ್ದಾರೆ ಎಂದು ಕೇಳಿದಳು, ಕೇಳಬಾರದಿತ್ತು. ಬೆಳಿಗ್ಗೇನೇ ಕೆಲಸಕ್ಕೆ ಕೂತ್ರು ಅಕ್ಕಾ, ನಾಳೆ ಮಾಲು ಕೊಡ್ಬೇಕಲ್ಲ, ನಿಮ್ಮ ಬಾಗಿಲಿಂದ ಮಸಿ ಹಾರ್ತಾ ಇದೆ ನೋಡಿ, ಅಂಟಿಗೆ ಹಿಡಿಯುತ್ತೆ ಅಂತ, ಇವತ್ತು ಎರಡೆರಡು ಬಟ್ಟೆ ತುರುಕಿದ್ದಾರೆ.

ಎರಡೆರಡು. ಗಡಿಯಾರದಲ್ಲಿ ಎರಡೂವರೆ, ಎರಡನೇ ಸಲ ಅಂಟು ಬಳಿಯುವ ಹೊತ್ತು, ಕೊನೇ ಮನೆಯವಳಿಗೆ ಮಗುವಾಗಿ ನಾಲ್ಕು ತಿಂಗಳು, ನೆಲದ ಮೇಲೆ ಮಲಗಿಸುತ್ತಾಳೆ, ಎರಡೂವರೆಗೆ ಹಾಲು ಬಿಸಿ ಮಾಡುತ್ತಾಳೆ — ಬಾಗಿಲು ತೆರೆಯಿತು, ಪಟ್ಟಿ ಬಿಟ್ಟ ಬಿಳಿ ಚಪ್ಪಲಿ ಹೊರಗೆ ಬಂತು, ನರ್ಸು, ಎಚ್ಚರ ಆಗಿದೆ ಕಣಮ್ಮ, ನಿಮಗೇನೋ ಹೇಳಿ ಅಂತಿದ್ದಾಳೆ, ನಂಗೆ ಅರ್ಥ ಆಗಲಿಲ್ಲ, ಬಟ್ಟೆ ಸರಿಯಾಗಿ ತುರುಕಿದ್ದೆ, ಧೂಳು ಬಂದಿಲ್ಲ, ಅಮ್ಮಂಗೆ ಹೇಳಿ, ಅಂತ. ಅಧಿಕಾರಿ ಎದ್ದು ಮೆಟ್ಟಿಲ ಹತ್ತಿರ ಹೋಗಿದ್ದಾನೆ, ಅವಳು ಓಡಿದಳು, ತೋಳು ಹಿಡಿದುಕೊಂಡಳು, ಏಳು ಮನೆ ಸ್ವಾಮಿ, ಏಳೂ ಮನೆ, ಸುಳ್ಳು ಹೇಳಿದೆ, ಎಲ್ಲರಿಗೂ ನಾನೇ ಹರಿದು ಕೊಟ್ಟಿದ್ದು, ಫೋನ್ ಮಾಡಿ, ಈಗಲೇ ಮಾಡಿ, ಮೊದಲು ಕೊನೇ ಮನೆ — ಅವನು ಫೋನು ಕಿವಿಗಿಟ್ಟುಕೊಂಡು ಮಾತಾಡುತ್ತಿದ್ದಾನೆ, ಅವಳಿಗೆ ಕೇಳಿಸುತ್ತಿಲ್ಲ, ಮಗಳ ಬಾಗಿಲು ಮತ್ತೆ ಮುಚ್ಚಿಕೊಂಡಿದೆ, ಕೆಳಗೆ ಎರಡು ಬೆರಳಷ್ಟು ಬೆಳಕು, ಅಲ್ಲಿ ಹಸಿರು ಬಟ್ಟೆ, ಇಲ್ಲ, ಏನೂ ಇಲ್ಲ, ಹಸಿರು ಬಟ್ಟೆ, ಅದನ್ನು ಒಳಗಿನಿಂದ ಕೀಳುತ್ತಿರುವ ನಾಲ್ಕು ಬೆರಳು, ನಾಲ್ಕು ಬೆರಳು